ಒಂದೇ ಪದರ, ಎರಡು ಕಲ್ಲು: ಪಟ್ಟೆಶಿಲೆ ಅದಿರಾಗುವುದು ಹೇಗೆ?

ಓದುಗರ ಪ್ರಶ್ನೆ: ಕೆಂಪು-ಕಪ್ಪು ಪಟ್ಟೆಗಳಿರುವ ಕಬ್ಬಿಣದ ಕಲ್ಲು ಹೇಗೆ ಹುಟ್ಟಿತು ಎಂದು ಹುಡುಕಿದರೆ ಎಲ್ಲ ಕಡೆಯೂ ಒಂದೇ ಉತ್ತರ: ಪುರಾತನ ಸಮುದ್ರದಲ್ಲಿ ಆಮ್ಲಜನಕ ಬಂತು, ಕಬ್ಬಿಣ ತುಕ್ಕು ಹಿಡಿದು ತಳಕ್ಕಿಳಿಯಿತು. ಹಾಗಿದ್ದರೆ ನಡುನಡುವೆ ಕಬ್ಬಿಣವಿಲ್ಲದ ಪಟ್ಟೆಗಳು ಏಕಿವೆ? ಒಂದೇ ಪದರದಲ್ಲಿ ಒಂದು ಕಡೆ ಶೇ 30ರಷ್ಟು, ಸ್ವಲ್ಪ ದೂರದಲ್ಲಿ ಶೇ 65ರಷ್ಟು ಕಬ್ಬಿಣ ಸಿಗುವುದು ಹೇಗೆ? ನನ್ನ ಸಂಗ್ರಹದಲ್ಲಿ ಅಂಥದೊಂದು ಕಲ್ಲಿದೆ. ಅದು ಅದಿರೋ ಅಲ್ಲವೋ ಎಂದು ಮನೆಯಲ್ಲೇ ನೋಡಿ ತಿಳಿಯಬಹುದೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ಉಳಿದೆರಡಕ್ಕೂ ಬೀಗದ ಕೈ ಅದೇ. ಪಟ್ಟೆಶಿಲೆ ಬೇರೆ, ಅದಿರು ಬೇರೆ. ಪಟ್ಟೆಶಿಲೆಯನ್ನು ಮಾಡಿದ್ದು ಸಮುದ್ರ. ಅದೇ ಕಲ್ಲು ಗಟ್ಟಿಯಾಗಿ, ಮಡಿಚಿಕೊಂಡು, ನೆಲವಾಗಿ ಮೇಲೆದ್ದು ಎಷ್ಟೋ ಕಾಲವಾದ ಮೇಲೆ ಅದರೊಳಗೆ ಹರಿದ ನೀರು ಮಾಡಿದ್ದು ಅದಿರು. ಈ ಎರಡು ಕೆಲಸಗಳ ನಡುವೆ ನೂರು ಕೋಟಿ ವರ್ಷ ಕಳೆದಿರುವುದೂ ಉಂಟು. ಎರಡನ್ನೂ ಒಂದೇ ಕಥೆಯಾಗಿ ಹೇಳುವುದರಿಂದಲೇ ಗೊಂದಲ ಹುಟ್ಟುವುದು. ಹಾಗಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಹೆಸರಿನ ಮಾತು. ಭೂವಿಜ್ಞಾನಿಗಳು ಈ ಶಿಲೆಯನ್ನು ಬ್ಯಾಂಡೆಡ್ ಐರನ್ ಫಾರ್ಮೇಶನ್, ಚಿಕ್ಕದಾಗಿ ಬಿಐಎಫ್ ಎನ್ನುತ್ತಾರೆ. ನೀರಿನಿಂದ ರಾಸಾಯನಿಕವಾಗಿ ಕೆಳಗಿಳಿದು, ತೆಳುವಾದ ಪದರಗಳಾಗಿ ಕೂತು, ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಕಬ್ಬಿಣ ಹೊಂದಿರುವ ಶಿಲೆ ಎಂದು 1954ರಲ್ಲಿ ಹೆರಾಲ್ಡ್ ಜೇಮ್ಸ್ ಕೊಟ್ಟ ವ್ಯಾಖ್ಯೆಯನ್ನೇ ಇಂದಿಗೂ ಬಳಸುತ್ತೇವೆ. ಅಮೆರಿಕದ ಸುಪೀರಿಯರ್ ಸರೋವರದ ಸುತ್ತ ಇದಕ್ಕೆ ಟ್ಯಾಕೊನೈಟ್ ಎನ್ನುತ್ತಾರೆ, ಬ್ರೆಜಿಲ್‌ನಲ್ಲಿ ಇಟಾಬಿರೈಟ್. ಭಾರತದ ಗಣಿಗಳಲ್ಲಿ ಕಬ್ಬಿಣ ಹೆಮಟೈಟ್ ಎಂಬ ಆಕ್ಸೈಡ್ ಖನಿಜದ ರೂಪದಲ್ಲಿದ್ದರೆ ಬಿಎಚ್‌ಕ್ಯೂ, ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನೆಟೈಟ್ ಎಂಬ ಇನ್ನೊಂದು ಆಕ್ಸೈಡ್ ಆಗಿದ್ದರೆ ಬಿಎಂಕ್ಯೂ, ಪಟ್ಟೆಗಳಲ್ಲಿ ಕೆಂಪು ಜಾಸ್ಪರ್ ಇದ್ದರೆ ಬಿಎಚ್‌ಜೆ. ಸಾಮಾನ್ಯವಾಗಿ ಈ ಶಿಲೆಯಲ್ಲಿ ಕಬ್ಬಿಣ ಶೇ 20ರಿಂದ 40 ಇರುತ್ತದೆ. ಉಳಿದದ್ದು ಬಹುಪಾಲು ಸಿಲಿಕಾ, ಅಂದರೆ ಬೆಣಚುಕಲ್ಲಿನ ವಸ್ತು. ಜಗತ್ತಿನ ಕಬ್ಬಿಣದ ಅದಿರೆಲ್ಲ ಇದರಿಂದಲೇ ಬಂದದ್ದಲ್ಲ. ಸ್ವೀಡನ್ನಿನ ಕಿರುನಾದ ಮ್ಯಾಗ್ನೆಟೈಟ್ ಅದಿರಿನ ಹುಟ್ಟೇ ಬೇರೆ, ಫ್ರಾನ್ಸಿನ ಲೊರೇನ್ ಪ್ರಾಂತದಲ್ಲಿ ಒಂದು ಕಾಲಕ್ಕೆ ತೆಗೆಯುತ್ತಿದ್ದ ಸಾಸಿವೆ ಕಾಳಿನಂಥ ಗುಂಡು ಕಣಗಳ ಅದಿರು ಜುರಾಸಿಕ್ ಕಾಲದ್ದು. ಆದರೆ ಇಂದು ಉಕ್ಕಿನ ಕುಲುಮೆಗಳಿಗೆ ಹೋಗುವ ಅದಿರಿನ ಬಹುಪಾಲಿಗೆ ತಾಯಿ ಈ ಪಟ್ಟೆಶಿಲೆಯೇ.

ಈಗ ಸಮುದ್ರಕ್ಕೆ ಬರೋಣ. ಕೆಲವು ಕೊಳವೆಬಾವಿಗಳ ನೀರನ್ನು ನೀವು ಗಮನಿಸಿರಬಹುದು. ಮೇಲೆತ್ತಿದಾಗ ತಿಳಿಯಾಗಿರುತ್ತದೆ, ಬಕೆಟ್ಟಿನಲ್ಲಿ ಒಂದಷ್ಟು ಹೊತ್ತು ನಿಂತರೆ ತಳದಲ್ಲಿ ಕೆಂಗಂದು ಗಸಿ ಕೂರುತ್ತದೆ. ನೆಲದಾಳದಲ್ಲಿ ಆಮ್ಲಜನಕ ಇಲ್ಲದಿರುವಾಗ ಕಬ್ಬಿಣ ಫೆರಸ್ ರೂಪದಲ್ಲಿ ನೀರಿನಲ್ಲಿ ಕರಗಿರುತ್ತದೆ. ಗಾಳಿ ತಾಗಿದೊಡನೆ ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಆಗುತ್ತದೆ, ಫೆರಿಕ್ ಕಬ್ಬಿಣ ನೀರಿನಲ್ಲಿ ನಿಲ್ಲುವುದಿಲ್ಲ. 250 ಕೋಟಿ ವರ್ಷಗಳ ಹಿಂದಿನ ಸಮುದ್ರವನ್ನು ಆ ಮೊದಲ ಗಳಿಗೆಯ ಬಕೆಟ್ಟು ಎಂದುಕೊಳ್ಳಿ. ಆಳದ ನೀರಿನಲ್ಲಿ ಆಮ್ಲಜನಕ ಇರಲಿಲ್ಲ. ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಕಬ್ಬಿಣವನ್ನು ಸುರಿಯುತ್ತಲೇ ಇದ್ದವು, ಅದು ಕರಗಿಯೇ ಇತ್ತು. ಬುಗ್ಗೆಗಳಿಂದಲೇ ಬಂತೆಂದು ಹೇಗೆ ಗೊತ್ತು? ಯುರೋಪಿಯಂ ಎಂಬ ವಿರಳ ಮೂಲಧಾತು ಬಿಸಿಬುಗ್ಗೆಯ ನೀರಿನಲ್ಲಿ ತನ್ನ ನೆರೆಹೊರೆಯ ಧಾತುಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಹಳೆಯ ಪಟ್ಟೆಶಿಲೆಗಳಲ್ಲೂ ಯುರೋಪಿಯಂನ ಅದೇ ಏರು ಕಾಣುತ್ತದೆ. ಬುಗ್ಗೆಯ ಸಹಿ ಕಲ್ಲಿನಲ್ಲಿ ಉಳಿದಿದೆ.

ಇನ್ನು ಆಮ್ಲಜನಕದ ಕಥೆ. ದ್ಯುತಿಸಂಶ್ಲೇಷಣೆ ಮಾಡುವ ಸಯನೋಬ್ಯಾಕ್ಟೀರಿಯಗಳು ಬಿಟ್ಟ ಆಮ್ಲಜನಕವನ್ನು ಸಮುದ್ರದ ಕಬ್ಬಿಣ ಹೀರಿಕೊಂಡಿತು ಎಂಬ ಚಿತ್ರವನ್ನು 1960-70ರ ದಶಕಗಳಲ್ಲಿ ಗಟ್ಟಿಯಾಗಿ ಮುಂದಿಟ್ಟವರು ಪ್ರೆಸ್ಟನ್ ಕ್ಲೌಡ್. ಸೊಗಸಾದ ಚಿತ್ರ, ಅದರಲ್ಲಿ ನಿಜವೂ ಇದೆ. ಆದರೆ ನೀವು ಓದಿದ ಉತ್ತರ ಅಲ್ಲಿಗೇ ನಿಂತುಬಿಟ್ಟಿದೆ, ಕಾಲದ ಲೆಕ್ಕ ಹಾಕಿಲ್ಲ. ಗ್ರೀನ್‌ಲ್ಯಾಂಡಿನ ಇಸುವಾದಲ್ಲಿರುವ ಪಟ್ಟೆಶಿಲೆಗೆ ಸುಮಾರು 370 ಕೋಟಿ ವರ್ಷ. ಪಶ್ಚಿಮ ಆಸ್ಟ್ರೇಲಿಯಾದ ಹ್ಯಾಮರ್ಸ್‌ಲಿಯ ಮಹಾಪದರಗಳಿಗೆ 260ರಿಂದ 245 ಕೋಟಿ ವರ್ಷ. ವಾತಾವರಣದಲ್ಲಿ ಆಮ್ಲಜನಕ ನೆಲೆಯೂರಿದ್ದು ಇವುಗಳ ನಂತರ, ಸುಮಾರು 240ರಿಂದ 230 ಕೋಟಿ ವರ್ಷಗಳ ಹಿಂದೆ. 2000ನೇ ಇಸವಿಯಲ್ಲಿ ಜೇಮ್ಸ್ ಫಾರ್ಕ್ವಾರ್ ಮತ್ತು ಜೊತೆಗಾರರು ಹಳೆಯ ಶಿಲೆಗಳ ಗಂಧಕದ ಐಸೊಟೋಪುಗಳಲ್ಲಿ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳಲ್ಲಿ, ಒಂದು ವಿಚಿತ್ರ ಏರುಪೇರನ್ನು ಕಂಡರು. ಗಾಳಿಯಲ್ಲಿ ಆಮ್ಲಜನಕ ಇಲ್ಲದೆ, ಸೂರ್ಯನ ನೇರಳಾತೀತ ಕಿರಣಗಳು ಗಂಧಕದ ಅನಿಲಗಳನ್ನು ನೇರವಾಗಿ ಒಡೆಯುವಾಗ ಮೂಡುವ ಗುರುತು ಅದು. ಆ ಕಾಲಘಟ್ಟದ ನಂತರದ ಶಿಲೆಗಳಲ್ಲಿ ಅದು ಇಲ್ಲ. ಅಂದಮೇಲೆ, ಪಟ್ಟೆಶಿಲೆಯ ದೊಡ್ಡ ಪಾಲು ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಲೋಕದಲ್ಲಿ ಕೂತದ್ದು.

ಆಮ್ಲಜನಕ ಇಲ್ಲದೆ ಕಬ್ಬಿಣ ತುಕ್ಕು ಹಿಡಿಯಲು ಸಾಧ್ಯವೆ? ಸಾಧ್ಯ ಎಂದು ತೋರಿಸಿದ್ದು ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ಫ್ರೆಡ್ರಿಕ್ ವಿಡ್ಡೆಲ್ ಮತ್ತು ಸಂಗಡಿಗರು. ಬೆಳಕಿನ ಬಲದಿಂದ ಫೆರಸ್ ಕಬ್ಬಿಣದ ಎಲೆಕ್ಟ್ರಾನನ್ನೇ ಕಿತ್ತುಕೊಂಡು ಬದುಕುವ, ಆಮ್ಲಜನಕವನ್ನು ಬಿಡದ ಬ್ಯಾಕ್ಟೀರಿಯಗಳನ್ನು ಅವರು 1993ರಲ್ಲಿ ವರದಿ ಮಾಡಿದರು. ಗಿಡಗಳು ನೀರಿನಿಂದ ಎಲೆಕ್ಟ್ರಾನ್ ತೆಗೆದುಕೊಂಡು ಆಮ್ಲಜನಕವನ್ನು ಹೊರಹಾಕುತ್ತವೆ. ಇವು ಕಬ್ಬಿಣದಿಂದ ತೆಗೆದುಕೊಂಡು ತುಕ್ಕನ್ನು ಹೊರಹಾಕುತ್ತವೆ. ಇಂಡೊನೇಷ್ಯಾದ ಮಟಾನೊ ಸರೋವರದ ಆಳದಲ್ಲಿ ಇಂದಿಗೂ ಕಬ್ಬಿಣ ಕರಗಿದ, ಆಮ್ಲಜನಕವಿಲ್ಲದ ನೀರಿದೆ. ಆ ಹಳೆಯ ಸಮುದ್ರದ ಒಂದು ಚಿಕ್ಕ ಮಾದರಿಯೆಂದು ಅದನ್ನು ವಿಜ್ಞಾನಿಗಳು ಅಭ್ಯಾಸ ಮಾಡುತ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ತೀರಾ ಹಳೆಯ ಪಟ್ಟೆಶಿಲೆಗಳಲ್ಲಿ ಈ ಕಬ್ಬಿಣಜೀವಿ ಬ್ಯಾಕ್ಟೀರಿಯಗಳ ಪಾಲೇ ದೊಡ್ಡದು, ಹ್ಯಾಮರ್ಸ್‌ಲಿಯ ಹೊತ್ತಿಗೆ ಸಯನೋಬ್ಯಾಕ್ಟೀರಿಯಗಳೂ ಕೈಜೋಡಿಸಿದ್ದವು. ಎರಡರಲ್ಲಿ ಒಂದನ್ನೇ ಆರಿಸಬೇಕೆಂಬ ಹಟ ನನಗಿಲ್ಲ.

ಒಂದು ಸೂಕ್ಷ್ಮ ಇಲ್ಲಿಯೇ ಹೇಳಿಬಿಡಬೇಕು. ನಿಮ್ಮ ಕಲ್ಲಿನಲ್ಲಿ ಕಪ್ಪು ಮ್ಯಾಗ್ನೆಟೈಟ್ ಇದ್ದರೆ ಅದು ಸಮುದ್ರದಲ್ಲಿ ಹಾಗೆಯೇ ಕೆಳಗಿಳಿದದ್ದಲ್ಲ. ತಳಕ್ಕೆ ಕೂತದ್ದು ತುಕ್ಕಿನ ಕೆಸರು, ಜೊತೆಗೆ ಸತ್ತ ಸೂಕ್ಷ್ಮಜೀವಿಗಳ ಇಂಗಾಲ. ಕೆಸರಿನೊಳಗೆ ಬೇರೆ ಬ್ಯಾಕ್ಟೀರಿಯಗಳು ಆ ಇಂಗಾಲವನ್ನು ತಿನ್ನಲು ತುಕ್ಕನ್ನೇ ಉಸಿರಾಗಿ ಬಳಸಿದವು. ಆಗ ಫೆರಿಕ್ ಕಬ್ಬಿಣದ ಒಂದು ಭಾಗ ಮತ್ತೆ ಫೆರಸ್ ಆಯಿತು. ಎರಡೂ ಸೇರಿ ಮ್ಯಾಗ್ನೆಟೈಟ್, ಇಂಗಾಲದ ಡೈಆಕ್ಸೈಡ್ ಸೇರಿಕೊಂಡಲ್ಲಿ ಸಿಡೆರೈಟ್ ಎಂಬ ಕಬ್ಬಿಣದ ಕಾರ್ಬೊನೇಟ್. ಪಟ್ಟೆಶಿಲೆಯ ಸಿಡೆರೈಟಿನಲ್ಲಿ ಜೀವಿಗಳಿಂದ ಬಂದ ಹಗುರ ಇಂಗಾಲದ ಗುರುತು ಸಿಗುವುದು ಅದಕ್ಕೇ. ಹ್ಯಾಮರ್ಸ್‌ಲಿಯ ಚರ್ಟ್ (ಸಿಲಿಕಾ) ಪದರಗಳಲ್ಲಿ ಗ್ರೀನಲೈಟ್ ಎಂಬ ಕಬ್ಬಿಣ-ಸಿಲಿಕಾ ಖನಿಜದ ಅತಿ ಸಣ್ಣ ಕಣಗಳೂ ಸಿಕ್ಕಿವೆ. ತುಕ್ಕಿಗಿಂತ ಮೊದಲು ಕೂತದ್ದು ಇದೇ ಎಂದು ವಾದಿಸುವವರೂ ಇದ್ದಾರೆ. ಅದರಿಂದ ತುಕ್ಕಿನ ಕಥೆ ಸುಳ್ಳಾಗುವುದಿಲ್ಲ, ಎಲ್ಲ ಕಬ್ಬಿಣವೂ ಒಂದೇ ದಾರಿಯಲ್ಲಿ ಬರಲಿಲ್ಲ ಎಂದಷ್ಟೇ ಆಗುತ್ತದೆ.

ಈಗ ಪಟ್ಟೆಗಳು. ಬಿಳಿ ಅಥವಾ ಕೆಂಪು ಪಟ್ಟೆ ಸಿಲಿಕಾದ್ದು. ಚರ್ಟ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಬೆಣಚು. ಅದರಲ್ಲಿ ಹೆಮಟೈಟ್ ಧೂಳು ಬೆರೆತರೆ ಕೆಂಪಗಿನ ಜಾಸ್ಪರ್. ಇಂದಿನ ಸಮುದ್ರದಲ್ಲಿ ಇಷ್ಟೊಂದು ಸಿಲಿಕಾ ತಾನಾಗಿ ಕೆಳಗಿಳಿಯುವುದಿಲ್ಲ. ಡಯಾಟಂ, ರೇಡಿಯೊಲೇರಿಯ, ಸ್ಪಂಜುಗಳು ತಮ್ಮ ಚಿಪ್ಪು, ಮುಳ್ಳುಗಳಿಗಾಗಿ ಅದನ್ನು ಹೀರಿಬಿಡುತ್ತವೆ. ಆ ಕಾಲದಲ್ಲಿ ಇವು ಯಾವುವೂ ಇರಲಿಲ್ಲ. ನೀರು ಸಿಲಿಕಾದಿಂದ ತುಂಬಿ, ಇನ್ನು ಹಿಡಿಯಲಾರೆ ಎನ್ನುವ ಅಂಚಿನಲ್ಲಿತ್ತು. ಅಂದರೆ ಸಿಲಿಕಾ ಸದಾ ಕೂರುತ್ತಲೇ ಇತ್ತು, ಕಬ್ಬಿಣದ ಬರವು ಮಾತ್ರ ಏರಿಳಿಯುತ್ತಿತ್ತು ಎಂದು ನೋಡಿದರೆ ಪಟ್ಟೆ ಅರ್ಥವಾಗತೊಡಗುತ್ತದೆ. ಬುಗ್ಗೆಗಳ ರಭಸ, ಆಳದ ನೀರು ಮೇಲೇರುವ ಪ್ರಮಾಣ, ನೀರಿನ ಬಿಸಿ, ಬ್ಯಾಕ್ಟೀರಿಯಗಳ ಚುರುಕು ಇವುಗಳಲ್ಲಿ ಯಾವುದು ಏರಿಳಿದರೂ ಸಾಕು. ಬಿಸಿ ತಗ್ಗಿದರೆ ಬ್ಯಾಕ್ಟೀರಿಯಗಳು ಮಂಕಾಗುತ್ತವೆ, ಅದೇ ತಂಪಿಗೆ ಸಿಲಿಕಾ ಹೆಚ್ಚು ಇಳಿಯುತ್ತದೆ.

ಪಟ್ಟೆ ಎಂದಾಗ ಯಾವ ಪಟ್ಟೆ ಎಂದೂ ಕೇಳಬೇಕು. ಹ್ಯಾಮರ್ಸ್‌ಲಿಯ ಡೇಲ್ಸ್ ಗಾರ್ಜ್ ಎಂಬ ಪದರಗುಚ್ಛವನ್ನು ಅಲೆಕ್ ಟ್ರೆಂಡಾಲ್ ಮತ್ತು ಜಾನ್ ಬ್ಲಾಕ್ಲಿ 1970ರಲ್ಲಿ ಮೂರು ಅಳತೆಗಳಲ್ಲಿ ವಿವರಿಸಿದರು. ಮೀಟರುಗಟ್ಟಲೆ ದಪ್ಪದವು ಒಂದು ಬಗೆ. ಪಟ್ಟೆಶಿಲೆಯ 17 ದಪ್ಪ ಪದರಗಳ ನಡುವೆ ಜೇಡಿಶಿಲೆಯ 16 ಪದರಗಳು ಅಲ್ಲಿವೆ. ಅವುಗಳ ಒಳಗೆ ಬೆರಳ ದಪ್ಪದ ಪಟ್ಟೆಗಳು, ನೀವು ಕೈಯಲ್ಲಿ ಹಿಡಿದು ನೋಡುವವು. ಅವುಗಳೊಳಗೂ ಮಿಲಿಮೀಟರಿನ ಆಸುಪಾಸಿನ ಗೆರೆಗಳು. ಇದೇ ಗೆರೆಗಳ ಜೋಡಣೆಯನ್ನು ಅವರು ನೂರಾರು ಕಿಲೋಮೀಟರು ದೂರದ ಎರಡು ಕೊರೆತಗಳಲ್ಲಿ ಒಂದಕ್ಕೊಂದು ಹೊಂದಿಸಿದರು. ಪುಸ್ತಕದ ಒಂದು ಪುಟವನ್ನು ಮುನ್ನೂರು ಕಿಲೋಮೀಟರು ಉದ್ದಕ್ಕೆ ಹರಡಿದಂತೆ. ಕೊರೆತದಿಂದ ತೆಗೆದ ಕಲ್ಲಿನ ಕಂಬಗಳನ್ನು ಪಕ್ಕಪಕ್ಕ ಇಟ್ಟು ಗೆರೆ ಎಣಿಸುವ ಕೆಲಸವನ್ನು ನಾನೂ ಮಾಡಿದ್ದೇನೆ. ಬೇರೆ ಬೇರೆ ಜಾಗದ ಎರಡು ಕಂಬಗಳಲ್ಲಿ ಅದೇ ದಪ್ಪ-ತೆಳುವಿನ ಸಾಲು ಮೂಡಿದಾಗ ಆಗುವ ಬೆರಗು ಇಷ್ಟು ವರ್ಷವಾದರೂ ಮಾಸಿಲ್ಲ. ಅಷ್ಟು ದೂರ ಒಂದೇ ರೀತಿ ಹರಡಬೇಕಾದರೆ ಆ ಸಮುದ್ರ ಅಲೆಗಳ ಕಾಟವಿಲ್ಲದ ಆಳದಲ್ಲಿ ಎಷ್ಟು ಶಾಂತವಾಗಿದ್ದಿರಬೇಕು!

ಮಿಲಿಮೀಟರು ಗೆರೆ ಒಂದೊಂದು ವರ್ಷದ್ದು, ಮರದ ಉಂಗುರದಂತೆ ಎಂಬುದು ಟ್ರೆಂಡಾಲರ ಅಂದಾಜು. ಅದು ಎಲ್ಲ ಗೆರೆಗಳಿಗೂ ಸಲ್ಲುತ್ತದೆಂದು ನಾನು ನಂಬುವುದಿಲ್ಲ. ಕೆಸರು ಕಲ್ಲಾಗುವಾಗ ಸಿಲಿಕಾ ಮತ್ತು ಕಬ್ಬಿಣ ಒಳಗೊಳಗೇ ಬೇರ್ಪಟ್ಟು ಗೆರೆಗಳನ್ನು ಚೂಪು ಮಾಡಿಕೊಂಡಿರುತ್ತವೆ. ದೊಡ್ಡ ಅಳತೆಯ ಲಯದ ವಿಷಯದಲ್ಲಿ ಮಾತ್ರ ಈಚೆಗೆ ಬಹಳ ಗಟ್ಟಿ ಕೆಲಸ ನಡೆದಿದೆ. ಜೇಡಿಶಿಲೆಯ ಪದರಗಳಲ್ಲಿ ಜ್ವಾಲಾಮುಖಿ ಬೂದಿ ಬೆರೆತಿದೆ, ಬೂದಿಯಲ್ಲಿ ಜಿರ್ಕಾನ್ ಹರಳುಗಳಿವೆ, ಜಿರ್ಕಾನಿನ ಯುರೇನಿಯಂ-ಸೀಸದ ಲೆಕ್ಕದಿಂದ ವಯಸ್ಸು ಸಿಗುತ್ತದೆ. ಹೀಗೆ ಕಾಲದ ಗೂಟಗಳನ್ನು ನೆಟ್ಟು, 2022ರಲ್ಲಿ ಮಾರ್ಗ್ರೀಟ್ ಲಾಂಟಿಂಕ್ ಮತ್ತು ಜೊತೆಗಾರರು ಹ್ಯಾಮರ್ಸ್‌ಲಿಯ ಜಾಫ್ರಿ ಪದರಗಳ ಲಯವು ಭೂಮಿಯ ಕಕ್ಷೆ ಮತ್ತು ಅಕ್ಷದ ನಿಧಾನ ಓಲಾಟಗಳಿಗೆ ಹೊಂದುತ್ತದೆ ಎಂದು ತೋರಿಸಿದರು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ 246 ಕೋಟಿ ವರ್ಷಗಳ ಹಿಂದೆ ಚಂದ್ರ ಸುಮಾರು 3,22,000 ಕಿಲೋಮೀಟರು ದೂರದಲ್ಲಿದ್ದ, ದಿನವೆಂದರೆ ಹೆಚ್ಚುಕಡಿಮೆ 17 ಗಂಟೆ. ಕಬ್ಬಿಣದ ಕಲ್ಲಿನ ಪಟ್ಟೆಯಿಂದ ಚಂದ್ರನ ದೂರ! ನನ್ನ ವೃತ್ತಿಯಲ್ಲಿ ಇದಕ್ಕಿಂತ ಚೆಂದದ ಅಳತೆಯನ್ನು ನಾನು ಕಂಡಿಲ್ಲ.

ಪಟ್ಟೆಶಿಲೆಗಳಲ್ಲಿ ದೊಡ್ಡ ಎರಡು ಬಗೆ. ಹಳೆಯ ಜ್ವಾಲಾಮುಖಿ ಶಿಲೆಗಳ ನಡುವೆ, ಬುಗ್ಗೆಗಳ ಬಳಿಯಲ್ಲೇ ಕೂತ, ವಿಸ್ತಾರ ಕಡಿಮೆಯಿರುವವು ಆಲ್ಗೋಮ ಬಗೆ. ಖಂಡಗಳ ಅಂಚಿನ ವಿಶಾಲ ಸಮುದ್ರದಲ್ಲಿ ಹರಡಿದವು ಸುಪೀರಿಯರ್ ಬಗೆ. ಹ್ಯಾಮರ್ಸ್‌ಲಿ, ದಕ್ಷಿಣ ಆಫ್ರಿಕದ ಕುರುಮಾನ್, ಸುಪೀರಿಯರ್ ಸರೋವರದ ಪದರಗಳು ಈ ಎರಡನೆಯ ಗುಂಪಿನವು. ಸುಮಾರು 180 ಕೋಟಿ ವರ್ಷಗಳ ಹಿಂದೆ ಪಟ್ಟೆಶಿಲೆ ಬಹುಮಟ್ಟಿಗೆ ನಿಂತುಹೋಯಿತು. ಆಳದ ನೀರಿಗೂ ಆಮ್ಲಜನಕ ಮುಟ್ಟಿತು ಎನ್ನುವವರಿದ್ದಾರೆ, ಗಂಧಕ ಹೆಚ್ಚಾಗಿ ಕಬ್ಬಿಣವನ್ನು ಪೈರೈಟಾಗಿ ಕಟ್ಟಿಹಾಕಿತು ಎನ್ನುವವರೂ ಇದ್ದಾರೆ. ಆಮೇಲೆ ಸುಮಾರು 70 ಕೋಟಿ ವರ್ಷಗಳ ಹಿಂದೆ, ಭೂಮಿಯನ್ನು ಹಿಮ ಮುಚ್ಚಿದ್ದ ಕಾಲದಲ್ಲಿ, ಕೆನಡಾದ ರಾಪಿಟನ್‌ನಂಥ ಕಡೆ ಸ್ವಲ್ಪ ಕಾಲ ಮತ್ತೆ ತಲೆಯೆತ್ತಿತು. ಹಿಮದ ಹೊದಿಕೆಯಡಿ ಸಮುದ್ರ ಗಾಳಿಯಿಂದ ದೂರವಾಗಿ ಮತ್ತೆ ಕಬ್ಬಿಣ ತುಂಬಿಕೊಂಡಿತ್ತು.

ಇಲ್ಲಿಗೆ ಸಮುದ್ರದ ಕೆಲಸ ಮುಗಿಯಿತು. ಕೈಯಲ್ಲಿರುವುದು ಶೇ 30 ಕಬ್ಬಿಣದ, ಉಕ್ಕಿನಷ್ಟೇ ಗಡುಸಾದ ಕಲ್ಲು. ಕುಲುಮೆಗೆ ನೇರವಾಗಿ ಹಾಕಲು ಬಾರದು, ಸಿಲಿಕಾ ಜಾಸ್ತಿ. ಶೇ 60 ದಾಟಿದ ಅದಿರಾಗಬೇಕಾದರೆ ಏನಾಗಬೇಕು?

ಹೆಚ್ಚಿನವರು ಕಬ್ಬಿಣ ಬಂದು ಸೇರಬೇಕು ಎಂದುಕೊಳ್ಳುತ್ತಾರೆ. ಮುಖ್ಯವಾಗಿ ಆಗುವುದು ಸಿಲಿಕಾ ಕರಗಿ ಹೋಗುವುದು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಶೇ 30 ಕಬ್ಬಿಣವೆಂದರೆ ತೂಕದಲ್ಲಿ ಶೇ 43 ಹೆಮಟೈಟ್, ಶೇ 57 ಬೆಣಚು. ಹೆಮಟೈಟಿನ ಸಾಂದ್ರತೆ 5.26, ಬೆಣಚಿನದು 2.65. ಹಾಗಾಗಿ ಗಾತ್ರದಲ್ಲಿ ಬೆಣಚೇ ಶೇ 72ರಷ್ಟು ಜಾಗ ಹಿಡಿದಿರುತ್ತದೆ. ಇಂಥ ಒಂದು ಘನ ಮೀಟರಿನಲ್ಲಿ ಸುಮಾರು 1,900 ಕಿಲೋ ಬೆಣಚಿದೆ. ಸಾಮಾನ್ಯ ಉಷ್ಣತೆಯ ನೀರು ಲೀಟರಿಗೆ ಹತ್ತು ಮಿಲಿಗ್ರಾಂ ಆಸುಪಾಸಿನಷ್ಟು ಬೆಣಚನ್ನು ಕರಗಿಸಿಕೊಳ್ಳಬಲ್ಲದು. ಅಂದರೆ ಆ ಒಂದು ಘನ ಮೀಟರನ್ನು ತೊಳೆಯಲು 19 ಕೋಟಿ ಲೀಟರು ನೀರು ಬೇಕು. ವರ್ಷಕ್ಕೆ ಒಂದು ಮೀಟರು ಎತ್ತರದಷ್ಟು ನೀರು ಇಂಗಿತು ಎಂದಿಟ್ಟುಕೊಂಡರೂ ಒಂದು ಮೀಟರು ಆಳಕ್ಕೆ 1.9 ಲಕ್ಷ ವರ್ಷ, ನೂರು ಮೀಟರಿಗೆ 1.9 ಕೋಟಿ ವರ್ಷ. ಮನುಷ್ಯನ ಲೆಕ್ಕಕ್ಕೆ ದೊಡ್ಡದು, ಭೂಮಿಗೆ ಇದು ಸಾಧ್ಯವಿರುವ ಕಾಲವೇ. ಅಷ್ಟೂ ಕಾಲ ಹೆಮಟೈಟ್ ಏಕೆ ಉಳಿಯಿತು ಎಂದರೆ, ಆಮ್ಲಜನಕವಿರುವ ನೀರಿನಲ್ಲಿ ಅದು ಕರಗುವುದು ಬೆಣಚಿಗಿಂತ ಸಾವಿರಾರು ಪಟ್ಟು ಕಡಿಮೆ. ಸಮುದ್ರದಲ್ಲಿ ಕಬ್ಬಿಣವನ್ನು ಕೆಳಗಿಳಿಸಿದ ಗುಣವೇ ಇಲ್ಲಿ ಅದನ್ನು ಕಾಪಾಡುತ್ತದೆ.

ನೀರು ಎರಡು ಕಡೆಯಿಂದ ಬರುತ್ತದೆ. ಮೇಲಿನಿಂದ ಮಳೆನೀರು, ಕೆಳಗಿನಿಂದ ಬಿರುಕುಗಳ ಮೂಲಕ ಏರಿದ ಬಿಸಿ ಉಪ್ಪುನೀರು. 200 ಡಿಗ್ರಿ ಬಿಸಿಯಲ್ಲಿ ನೀರು ಲೀಟರಿಗೆ ಇನ್ನೂರು ಮಿಲಿಗ್ರಾಮಿಗೂ ಹೆಚ್ಚು ಬೆಣಚನ್ನು ಹೊರಬಲ್ಲದು, ಹಾಗಾಗಿ ಬಿಸಿನೀರಿನ ದಾರಿ ಬೇಗ ಮುಗಿಯುತ್ತದೆ. ಹ್ಯಾಮರ್ಸ್‌ಲಿಯ ಮೌಂಟ್ ಟಾಮ್ ಪ್ರೈಸ್‌ನಲ್ಲಿ ಬಿಸಿನೀರು ಮೊದಲು ಸಿಲಿಕಾವನ್ನು ಒಯ್ದು ಅದರ ಜಾಗದಲ್ಲಿ ಕಾರ್ಬೊನೇಟನ್ನು ಬಿಟ್ಟಿತು, ಆಮೇಲೆ ಬಂದ ಮಳೆನೀರು ಸುಲಭವಾಗಿ ಕರಗುವ ಆ ಕಾರ್ಬೊನೇಟನ್ನು ತೊಳೆದು ರಂಧ್ರಮಯ ಹೆಮಟೈಟನ್ನು ಉಳಿಸಿತು ಎಂಬುದಕ್ಕೆ ಆಳದ ಕೊರೆತಗಳಲ್ಲಿ ಸಾಕ್ಷಿ ಸಿಕ್ಕಿದೆ. ಅದಿರು ಆದದ್ದು ಯಾವಾಗ ಎಂಬ ವಿಷಯದಲ್ಲಿ ಅಲ್ಲಿ ದೊಡ್ಡ ಬದಲಾವಣೆಯೇ ಆಗಿದೆ. 200 ಕೋಟಿ ವರ್ಷಕ್ಕೂ ಹಿಂದಿನದೆಂದು ಬಹುಕಾಲ ನಂಬಿದ್ದೆವು. 2024ರಲ್ಲಿ ಹೆಮಟೈಟಿನ ವಯಸ್ಸನ್ನೇ ನೇರವಾಗಿ ಯುರೇನಿಯಂ-ಸೀಸದ ವಿಧಾನದಿಂದ ಅಳೆದಾಗ ಬಂದದ್ದು 140ರಿಂದ 110 ಕೋಟಿ ವರ್ಷ. ತಾಯಿಶಿಲೆಗೂ ಅದಿರಿಗೂ ನಡುವೆ ನೂರು ಕೋಟಿ ವರ್ಷಗಳ ಅಂತರ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ.

ಲೆಕ್ಕದ ಇನ್ನೊಂದು ತುದಿ ಉಳಿಯಿತು. ಗಾತ್ರದ ಶೇ 72ರಷ್ಟು ಖಾಲಿಯಾದರೆ ಕಲ್ಲು ನಿಲ್ಲುವುದುಂಟೆ? ಪದರಗಳು ಕುಸಿದು ಕೂರುತ್ತವೆ. ಗುರುತಿನ ಎರಡು ಜೇಡಿ ಪದರಗಳ ನಡುವೆ ಮೂಲಶಿಲೆಯಲ್ಲಿ ಹನ್ನೆರಡು ಮೀಟರು ಇರುವ ಜಾಗ ಅದಿರಿನೊಳಗೆ ಎಂಟು ಮೀಟರಿಗೆ ಇಳಿದಿರುವುದನ್ನು ಕೊರೆತದಲ್ಲಿ ಕಾಣಬಹುದು. ಹ್ಯಾಮರ್ಸ್‌ಲಿಯ ಗಣಿಗಳಲ್ಲಿ ಹೀಗೆ ಸುಮಾರು ಮೂರನೇ ಒಂದು ಭಾಗ ದಪ್ಪ ಕುಗ್ಗಿದೆ. ಆದರೆ ಶೇ 25ರಷ್ಟು ರಂಧ್ರವಿರುವ ಒಳ್ಳೆಯ ಅದಿರಾಗಲು ಬರೀ ಕುಸಿತವೇ ಕಾರಣವಾಗಿದ್ದರೆ ದಪ್ಪ ಮೂರನೇ ಎರಡರಷ್ಟು ಕುಗ್ಗಬೇಕಿತ್ತು. ಅಷ್ಟು ಕುಗ್ಗಿಲ್ಲ. ಅಂದರೆ ಸ್ವಲ್ಪ ಕಬ್ಬಿಣ ಹೊರಗಿನಿಂದಲೂ ಬಂದು ಖಾಲಿ ಜಾಗವನ್ನು ತುಂಬಿದೆ, ಮಳೆನೀರಿನ ದಾರಿಯಲ್ಲಿ ಹೆಚ್ಚಾಗಿ ಗೋಥೈಟ್, ಅಂದರೆ ನೀರಿನಂಶ ಸೇರಿದ ಕಬ್ಬಿಣದ ಆಕ್ಸೈಡ್ ರೂಪದಲ್ಲಿ. ‘ಮುಖ್ಯವಾಗಿ’ ಎಂದು ನಾನು ಮೇಲೆ ಎಚ್ಚರದಿಂದ ಬರೆದದ್ದಕ್ಕೆ ಕಾರಣ ಇದು.

ಸಿಲಿಕಾ ಪೂರ್ತಿ ಹೋಗಿ, ಹೆಮಟೈಟಿನ ಹರಳುಗಳು ಒಂದಕ್ಕೊಂದು ಅಂಟಿಕೊಳ್ಳದೆ ಉಳಿದಲ್ಲಿ ಸಿಗುವುದು ಬ್ಲೂ ಡಸ್ಟ್. ನೀಲಿ ಛಾಯೆಯ, ಲೋಹದ ಹೊಳಪಿನ ಪುಡಿ. ಬೈಲಾಡಿಲಾ, ನೋವಾಮುಂಡಿ ಗಣಿಗಳಲ್ಲಿ ಇದು ಹೆಸರಾದದ್ದು. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಜಾರುತ್ತದೆ, ಆದರೆ ಗಣಿಯ ಗೋಡೆಯಲ್ಲಿ ಇನ್ನೂ ಹಳೆಯ ಪಟ್ಟೆಗಳ ನೆರಳು ಕಾಣುತ್ತದೆ. ಮ್ಯಾಗ್ನೆಟೈಟ್ ಹರಳು ತನ್ನ ಎಂಟು ಮುಖಗಳ ಆಕಾರ ಬಿಡದೆ ಒಳಗೆಲ್ಲ ಹೆಮಟೈಟ್ ಆಗಿಬಿಟ್ಟಿರುವುದೂ ಉಂಟು, ಅದಕ್ಕೆ ಮಾರ್ಟೈಟ್ ಎನ್ನುತ್ತೇವೆ.

ಇಷ್ಟು ತಿಳಿದರೆ ಒಂದು ಕಡೆ ಅದಿರು, ಪಕ್ಕದಲ್ಲಿ ಬರೀ ಪಟ್ಟೆಶಿಲೆ ಏಕೆಂಬುದು ಸುಲಭ. ನೀರು ಎಲ್ಲಿ ನುಗ್ಗಿತು, ಎಲ್ಲಿ ತಡೆದು ನಿಂತಿತು ಎಂದು ನೋಡಬೇಕು. ಪದರಗಳು ದೋಣಿಯಂತೆ ಬಾಗಿದ ಮಡಿಕೆಗಳ ತಳ, ಸ್ತರಭಂಗದ ಬಿರುಕುಗಳು, ನೀರನ್ನು ಕೆಳಕ್ಕೆ ಬಿಡದ ಜೇಡಿಶಿಲೆ ಅಥವಾ ಡಾಲರೈಟ್ ಎಂಬ ಗಟ್ಟಿ ಅಗ್ನಿಶಿಲೆಯ ಗೋಡೆಯ ಪಕ್ಕ ಇವೆಲ್ಲ ಅದಿರಿನ ಜಾಗಗಳು. ಕಣದ ಗಾತ್ರವೂ ಮುಖ್ಯ. ಸಣ್ಣ ಹರಳಿನ ಚರ್ಟ್ ಬೇಗ ಕರಗುತ್ತದೆ. ಭೂಮಿಯಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಹರಳುಗಳು ದಪ್ಪಗಾದರೆ ನೀರಿಗೆ ಅವು ಅಷ್ಟು ಬೇಗ ಮಣಿಯುವುದಿಲ್ಲ. ಸಂಡೂರಿನ ಬೆಟ್ಟಗಳಲ್ಲಿ ಹೆಮಟೈಟ್ ಅದಿರು ಶೇ 60 ದಾಟಿದ್ದರೆ, ಕುದುರೆಮುಖದ ಮ್ಯಾಗ್ನೆಟೈಟ್ ಶಿಲೆ ಸುಮಾರು ಶೇ 38ರಲ್ಲೇ ಉಳಿದಿತ್ತು. ಅಂಥದ್ದನ್ನು ಅರೆದು, ಅಯಸ್ಕಾಂತದಿಂದ ಬೇರ್ಪಡಿಸಿಯೇ ಬಳಸಬೇಕು. ಮಿನೆಸೋಟದ ಟ್ಯಾಕೊನೈಟಿಗೆ ಆ ದಾರಿಯನ್ನು ದಶಕಗಳ ಕಾಲ ದುಡಿದು ಕಂಡುಕೊಂಡವರು ಎಡ್ವರ್ಡ್ ಡೇವಿಸ್. ನೀರು ಮಾಡದೆ ಬಿಟ್ಟ ಕೆಲಸವನ್ನು ಗಿರಣಿ ಮಾಡುತ್ತದೆ.

ಅದಿರು ಬೆಟ್ಟದ ತಲೆಯಲ್ಲೇ ಹೆಚ್ಚಾಗಿ ಏಕೆ ಎಂದೂ ಕೆಲವರು ಕೇಳುತ್ತಾರೆ. ಪಟ್ಟೆಶಿಲೆ ಸವೆಯದೆ ನಿಲ್ಲುವ ಕಲ್ಲು, ಸುತ್ತಲಿನದೆಲ್ಲ ಕೊಚ್ಚಿಹೋದಾಗ ಅದೇ ಬೆನ್ನೇಣಾಗಿ ಉಳಿಯುತ್ತದೆ. ಮೇಲೆ ಗೋಥೈಟಿನಿಂದ ಬೆಸೆದ ಗಟ್ಟಿ ಮುಚ್ಚಳ ಕಟ್ಟಿಕೊಳ್ಳುತ್ತದೆ, ಬ್ರೆಜಿಲ್‌ನಲ್ಲಿ ಅದಕ್ಕೆ ಕಾಂಗ ಎಂದು ಹೆಸರು. ಕಾಂಗದ ಮೇಲೆ ದೊಡ್ಡ ಮರ ಬೆಳೆಯುವುದಿಲ್ಲ. 1967ರಲ್ಲಿ ಭೂವಿಜ್ಞಾನಿ ಬ್ರೆನೊ ದೊಸ್ ಸಾಂಟೋಸ್ ಅಮೆಜಾನ್ ಕಾಡಿನ ಮೇಲೆ ಹೆಲಿಕಾಪ್ಟರಿನಲ್ಲಿ ಹೋಗುವಾಗ ಇಳಿದದ್ದು ಇಂಥ ಬೋಳು ಜಾಗದಲ್ಲಿ. ಕಾಲಡಿ ಇದ್ದದ್ದು ಕರಾಜಾಸ್, ಜಗತ್ತಿನ ಅತಿ ದೊಡ್ಡ ಅದಿರು ನಿಕ್ಷೇಪಗಳಲ್ಲೊಂದು.

ಕೊನೆಗೆ ನಿಮ್ಮ ಕಲ್ಲು. ಮೊದಲು ಅಯಸ್ಕಾಂತ ಹಿಡಿಯಿರಿ. ಬಲವಾಗಿ ಎಳೆದರೆ ಮ್ಯಾಗ್ನೆಟೈಟ್ ಇದೆ. 1844ರ ಸೆಪ್ಟೆಂಬರ್ 19ರಂದು ಮಿಚಿಗನ್‌ನಲ್ಲಿ ಮೋಜಣಿ ಮಾಡುತ್ತಿದ್ದ ವಿಲಿಯಂ ಬರ್ಟ್ ಅವರ ದಿಕ್ಸೂಚಿಯ ಮುಳ್ಳು ದಿಕ್ಕುಗೆಟ್ಟು ತಿರುಗಿದ್ದು, ಸುಪೀರಿಯರ್ ಸೀಮೆಯ ಅದಿರು ಜಗತ್ತಿಗೆ ಗೊತ್ತಾದದ್ದು ಈ ಗುಣದಿಂದಲೇ. ಆಮೇಲೆ, ಕೊನೆಯಲ್ಲಿ ಹೇಳಿರುವ ನೀಲಿ ನಾರು ಕಲ್ಲಿನಲ್ಲಿ ಇಲ್ಲದಿದ್ದರೆ, ಮೆರುಗಿಲ್ಲದ ಟೈಲ್ಸಿನ ಹಿಂಬದಿಗೆ ಕಪ್ಪು ಪಟ್ಟೆಯನ್ನು ಉಜ್ಜಿ. ಗೀರು ಕೆಂಗಂದಾದರೆ ಹೆಮಟೈಟ್, ಕಪ್ಪಾದರೆ ಮ್ಯಾಗ್ನೆಟೈಟ್, ಹಳದಿಗಂದಾದರೆ ಗೋಥೈಟ್. ಕಲ್ಲಿನ ಮೈಬಣ್ಣ ಮೋಸ ಮಾಡುತ್ತದೆ, ಗೀರಿನ ಬಣ್ಣ ಮಾಡುವುದಿಲ್ಲ.

ಅದಿರು ಹೌದೋ ಅಲ್ಲವೋ ಎಂಬುದನ್ನು ತೂಕ ಹೇಳುತ್ತದೆ. ಕಲ್ಲನ್ನು ದಾರದಲ್ಲಿ ಕಟ್ಟಿ ಗಾಳಿಯಲ್ಲಿ ತೂಗಿ, ಆಮೇಲೆ ನೀರಿನಲ್ಲಿ ಮುಳುಗಿಸಿ ತಳ ಮುಟ್ಟದಂತೆ ತೂಗಿ. ಗಾಳಿಯಲ್ಲಿನ ತೂಕವನ್ನು, ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಸಾಂದ್ರತೆ. ಹೆಮಟೈಟ್ ಮತ್ತು ಬೆಣಚು ಮಾತ್ರ ಇದೆಯೆಂದುಕೊಂಡರೆ, 3.4 ಬಂದಾಗ ಕಬ್ಬಿಣ ಸುಮಾರು ಶೇ 30, 4 ಬಂದಾಗ ಶೇ 48ರ ಸುತ್ತ, 4.7 ಬಂದಾಗ ಶೇ 61. ಗುಳ್ಳೆಗುಳ್ಳೆಯ ಕಲ್ಲಾದರೆ ಈ ಲೆಕ್ಕ ದಾರಿ ತಪ್ಪಿಸುತ್ತದೆ. ರಂಧ್ರದೊಳಗೆ ನೀರು ಹೊಕ್ಕರೆ ಬರುವುದು ಖನಿಜದ ಸಾಂದ್ರತೆ, ಹೊಗದಿದ್ದರೆ ರಂಧ್ರವೂ ಸೇರಿದ ಇಡೀ ಕಲ್ಲಿನದು. ಹಾಗಾಗಿ ಒಂದು ದಿನ ನೀರಿನಲ್ಲಿ ನೆನೆಸಿಟ್ಟು ನೀರಿನೊಳಗಿನ ತೂಕ ತೆಗೆಯಿರಿ, ಗಾಳಿಯ ತೂಕವನ್ನು ಮಾತ್ರ ನೆನೆಸುವ ಮೊದಲು, ಒಣಗಿದ್ದಾಗಲೇ ತೆಗೆದಿಟ್ಟಿರಿ.

ಕಲ್ಲನ್ನು ಕತ್ತರಿಸಿ ಮೆರುಗು ಕೊಡಿಸುವ ಯೋಚನೆಯಿದ್ದರೆ ಮೊದಲು ಪಟ್ಟೆಗಳ ನಡುವೆ ರೇಷ್ಮೆ ಎಳೆಯಂಥ ನೀಲಿ ನಾರು ಇದೆಯೇ ನೋಡಿ. ಹ್ಯಾಮರ್ಸ್‌ಲಿ ಮತ್ತು ದಕ್ಷಿಣ ಆಫ್ರಿಕದ ಪಟ್ಟೆಶಿಲೆಗಳಲ್ಲಿ ಕ್ರೊಸಿಡೊಲೈಟ್, ಅಂದರೆ ನೀಲಿ ಕಲ್ನಾರು ಸಿಗುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಆಸ್ಟ್ರೇಲಿಯಾದ ವಿಟ್ಟನೂಮ್‌ನಲ್ಲಿ ಅದನ್ನು ತೆಗೆದವರೂ ಅವರ ಮನೆಯವರೂ ತೆತ್ತ ಬೆಲೆ ಬಹಳ ದೊಡ್ಡದು. ನೀಲಿ ನಾರು ಕಂಡರೆ ಆ ಕಲ್ಲನ್ನು ಕತ್ತರಿಸಬೇಡಿ, ಉಜ್ಜಬೇಡಿ. ಗಾಜಿನ ಡಬ್ಬಿಯಲ್ಲಿ ಮುಚ್ಚಿಡಿ, ಹತ್ತಿರದ ಭೂವಿಜ್ಞಾನ ವಿಭಾಗದವರಿಗೆ ತೋರಿಸಿ.